ನೆಲಮಾಳಿಗೆ ಇಲ್ಲದ ಮನೆ

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂಬ ಗಾದೆ ನಮ್ಮಲ್ಲಿ ಎಷ್ಟು ಜನರ ಮಾನ ತೆಗೆದಿದೆಯೋ ಲೆಕ್ಕವಿಟ್ಟವರಿಲ್ಲ. ಯಹೂದಿಗಳ ಮಾತು ಬಂದಾಗಲಂತೂ ಅದು ತಪ್ಪದೆ ಹಾಜರಾಗುತ್ತದೆ. ಈಚೆಗೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು, ಚೆನ್ನಾಗಿ ಓದಿಕೊಂಡವರೇ, ಹೋಳಿಗೆಗೆ ಕಾಯಿಹಾಲು ಹಾಕಿಸಿಕೊಳ್ಳುತ್ತ ಹೇಳಿದರು: "ಇಂಗ್ಲೆಂಡಿನವರು ಓಡಿಸಿದರು, ಫ್ರಾನ್ಸಿನವರು ಓಡಿಸಿದರು, ಸ್ಪೇನಿನವರು ಓಡಿಸಿದರು, ಕಡೆಗೆ ಹಿಟ್ಲರ್. ಅಷ್ಟೂ ಜನ ಹುಚ್ಚರಾ ಮಾರಾಯ್ರೆ? ಅವರಲ್ಲೂ ಏನೋ ಇರಬೇಕಲ್ಲ." ಎದುರು ಸಾಲಿನಲ್ಲಿದ್ದ ಎಂಜಿನಿಯರಿಂಗ್ ಹುಡುಗ ತನ್ನದೂ ಒಂದು ಸೇರಿಸಿದ: "ಅವರ ತಲೆ ಅಂದ್ರೆ ತಲೆ ಅಂಕಲ್. ಇಡೀ ಜಗತ್ತಿನ ದುಡ್ಡು ಅವರ ಕೈಲಿದೆ. ನಾವು ಅವರಿಂದ ಕಲೀಬೇಕು." ಒಬ್ಬರದು ದೂರು, ಇನ್ನೊಬ್ಬನದು ಹೊಗಳಿಕೆ. ಹೇಳಿದ್ದು ಮಾತ್ರ ಇಬ್ಬರೂ ಒಂದನ್ನೇ: ಅವರಲ್ಲಿ ಏನೋ ಇದೆ.

ಆ "ಏನೋ" ಎಂಬುದರ ಮೇಲೇ ನನ್ನ ತಕರಾರು. ಮನೆ ಸುಟ್ಟುಹೋದಾಗ ಮನೆಯವರ ಜಾತಕ ತರಿಸಿ ನೋಡುವವರುಂಟು; ಸೀಮೆಎಣ್ಣೆ ಡಬ್ಬ ಯಾರ ಕೈಯಲ್ಲಿತ್ತು ಎಂದು ಕೇಳುವವರು ಕಡಿಮೆ. ಯಹೂದಿ ದ್ವೇಷದ ಚರಿತ್ರೆಯನ್ನು ನಾವು ಓದುವುದೇ ಹೀಗೆ, ಯಹೂದಿಯ ಸ್ವಭಾವದಿಂದ ಶುರುಮಾಡಿ. ಅದರ ಬದಲು ದಾಖಲೆಗಳಿಂದ ಶುರುಮಾಡಿದರೆ ಈ ದ್ವೇಷಕ್ಕೆ ತಾರೀಖು, ವಿಳಾಸ ಎರಡೂ ಇರುವುದು ಕಾಣುತ್ತದೆ. ಅನೇಕ ಕಡೆ ಫಲಾನುಭವಿಗಳ ಪಟ್ಟಿಯೂ ಸಿಗುತ್ತದೆ.

ಮೊದಲು "ಅವರು" ಎಂದರೆ ಯಾರು? ಶಾಸ್ತ್ರದ ಪ್ರಕಾರ ಯಹೂದಿ ತಾಯಿಗೆ ಹುಟ್ಟಿದವರು, ಇಲ್ಲವೇ ವಿಧಿಪೂರ್ವಕ ಆ ಮತ ಸೇರಿದವರು. 1935ರ ನಾತ್ಸಿ ಕಾನೂನು ತಾಯಿಯನ್ನು ಬಿಟ್ಟು ಅಜ್ಜ ಅಜ್ಜಿಯರ ತಲೆ ಎಣಿಸಿತು. ಈಡಿತ್ ಸ್ಟೈನ್ ಎಂಬ ತತ್ತ್ವಶಾಸ್ತ್ರದ ವಿದುಷಿ ಕ್ಯಾಥೊಲಿಕ್ ಆಗಿ, ಕಾರ್ಮೆಲೈಟ್ ಮಠದ ಸನ್ಯಾಸಿನಿಯಾಗಿದ್ದವಳು. 1942ರ ಆಗಸ್ಟಿನಲ್ಲಿ ಆಶ್ವಿಟ್ಸ್‌ನ ವಿಷಾನಿಲಕ್ಕೆ ಅವಳನ್ನು ದೂಡಿದ್ದು ಯಹೂದಿ ಎಂದು. ಅದೇ ಕಾರ್ಮೆಲೈಟ್ ಪಂಥ ಸೇರಿದ ಇನ್ನೊಬ್ಬ, ಪೋಲೆಂಡಿನ ಯಹೂದಿ ತಾಯಿಯ ಮಗ ಬ್ರದರ್ ಡೇನಿಯಲ್. ಯುದ್ಧಕಾಲದಲ್ಲಿ ನೂರಾರು ಯಹೂದಿಗಳ ಜೀವ ಉಳಿಸಿದವನು. ಆತ ಇಸ್ರೇಲಿನ ಪೌರತ್ವವನ್ನು ಯಹೂದಿಯ ಹಕ್ಕಿನಿಂದ ಕೇಳಿದಾಗ, 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಮತ ಬಿಟ್ಟವನು ಈ ಕಾನೂನಿನ ಮಟ್ಟಿಗೆ ಯಹೂದಿಯಲ್ಲ ಎಂದಿತು. ನಮ್ಮ ಕೊಂಕಣ ಕರಾವಳಿಯಿಂದ ಹೋದ ಬೆನೆ ಇಸ್ರೇಲಿಗಳ ಮದುವೆಗೆ ಅಲ್ಲಿನ ಧರ್ಮಪೀಠ ವಂಶಾವಳಿಯ ತಪಾಸಣೆ ಹಚ್ಚಿತು. ಅವರು ಜೆರುಸಲೇಮಿನ ಬೀದಿಯಲ್ಲಿ ಧರಣಿ ಕೂತ ಮೇಲೆ, 1964ರಲ್ಲಿ ಅಲ್ಲಿನ ಸಂಸತ್ತು ಇವರೂ ಎಲ್ಲರಂತೆ ಯಹೂದಿಗಳೇ ಎಂದು ಸಾರಬೇಕಾಯಿತು. ಮರಾಠಿ ಮಾತಾಡುವ ಎಣ್ಣೆ ಗಾಣದವರು, ಮಲಯಾಳದಲ್ಲಿ ಹಾಡು ಕಟ್ಟಿದ ಕೊಚ್ಚಿಯ ಹೆಂಗಸರು, ಇಥಿಯೋಪಿಯದ ರೈತರು, ಪೋಲೆಂಡಿನ ಉದ್ದಂಗಿಯ ಹಸಿದಿ ಪಂಥದವರು, ಮತವನ್ನೇ ನಂಬದ ಕಮ್ಯೂನಿಸ್ಟರು. ಇಷ್ಟೂ ಜನರ ರಕ್ತದಲ್ಲಿ ಒಂದೇ "ಏನೋ" ಇದೆ ಎಂದು ಹೇಳಬಲ್ಲವರು ಇಬ್ಬರೇ: ಅವರನ್ನು ಕಂಡರಾಗದವರು, ಮತ್ತು ವಾಟ್ಸಾಪ್‌ನಲ್ಲಿ ನೊಬೆಲ್ ವಿಜೇತರ ಪಟ್ಟಿ ಕಳಿಸುವವರು.

ಬಡ್ಡಿ ವ್ಯವಹಾರದ ವಾದಕ್ಕೆ ಬರೋಣ. ಮದುವೆ ಮನೆಯಲ್ಲೂ ಕಡೆಗೆ ಅದೇ ಬಂತು. ಶಾಲೆಯಲ್ಲಿ ನಮಗೆ 'ಮರ್ಚೆಂಟ್ ಆಫ್ ವೆನಿಸ್' ನಾಟಕದ ನ್ಯಾಯಾಲಯದ ದೃಶ್ಯ ಪಾಠವಾಗಿತ್ತು. ಮೇಷ್ಟ್ರು ಶೈಲಾಕನನ್ನು ಮೀಟರ್ ಬಡ್ಡಿಯವರಿಗೆ ಹೋಲಿಸಿ ವಿವರಿಸಿದಾಗ ತರಗತಿಗೆ ತರಗತಿಯೇ ಅವನನ್ನು ಶಪಿಸಿತ್ತು. ನಾವ್ಯಾರೂ ಒಬ್ಬ ಯಹೂದಿಯನ್ನೂ ಕಂಡವರಲ್ಲ ಎಂಬುದು ಆಗ ಹೊಳೆಯಲಿಲ್ಲ. ಆ ನಾಟಕವನ್ನು ಮೊದಲು ನೋಡಿದ ಲಂಡನ್ನಿನವರೂ ಹೆಚ್ಚುಕಡಿಮೆ ಹಾಗೆಯೇ ಇದ್ದರು ಎಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ. ಒಂದನೇ ಎಡ್ವರ್ಡ್ ದೊರೆ 1290ರಲ್ಲೇ ಯಹೂದಿಗಳನ್ನು ಇಂಗ್ಲೆಂಡಿನಿಂದ ಹೊರಗಟ್ಟಿದ್ದ. ಅವರು ಮರಳಿ ನೆಲೆಸಿದ್ದು 1656ರ ಹೊತ್ತಿಗೆ. ನಡುವಿನ ಮುನ್ನೂರರುವತ್ತು ಚಿಲ್ಲರೆ ವರ್ಷ, ವೇಷ ಮರೆಸಿಕೊಂಡ ಬೆರಳೆಣಿಕೆಯ ಕುಟುಂಬಗಳನ್ನು ಬಿಟ್ಟರೆ, ಆ ದೇಶದಲ್ಲಿ ಯಹೂದಿಯೇ ಇಲ್ಲ. ಆದರೂ ಉಚ್ಚಾಟನೆಯಾಗಿ ಸುಮಾರು ನೂರು ವರ್ಷದ ಮೇಲೆ ಚಾಸರ್ ಕವಿ, ಮಗುವಿನ ಕತ್ತು ಕೊಯ್ಯುವ ಯಹೂದಿಗಳ ಕಥೆಯನ್ನು ಒಬ್ಬ ಸನ್ಯಾಸಿನಿಯ ಬಾಯಲ್ಲಿ ಹೇಳಿಸಿದ; ಮುನ್ನೂರು ವರ್ಷದ ಮೇಲೆ ಶೇಕ್ಸ್‌ಪಿಯರನ ಶೈಲಾಕ್ ಚೂರಿ ಮಸೆದ. ಒಲೆಯಿಲ್ಲ, ಸೌದೆಯಿಲ್ಲ, ಹೊಗೆ ಮಾತ್ರ ಧಾರಾಳ.

ಯಹೂದಿಗಳು ಇಂಗ್ಲೆಂಡಿನಲ್ಲಿದ್ದ ಕಾಲದಲ್ಲಿ ನಡೆದದ್ದೇನು? ಕ್ರೈಸ್ತರು ಬಡ್ಡಿ ತಿನ್ನಬಾರದೆಂದು ಚರ್ಚು ನಿಷೇಧಿಸಿತ್ತು. ಯಹೂದಿಗಳಿಗೆ ಕಸುಬಿನ ಸಂಘಗಳ ಬಾಗಿಲು ಮುಚ್ಚಿತ್ತು, ಜಮೀನಿನ ದಾರಿ ಕಿರಿದಾಗಿತ್ತು. ಉಳಿದದ್ದು ಲೇವಾದೇವಿ. ಅದರಲ್ಲೂ ದೊಡ್ಡ ಕುಳಗಳು ಕೆಲವೇ ಕೆಲವು. ಮಿಕ್ಕವರು ಅವರ ನೆರಳಲ್ಲಿ ಬದುಕಿದ ಬಡಪಾಯಿಗಳು. ಸಾಲಪತ್ರಗಳ ಪ್ರತಿಗಳೆಲ್ಲ ರಾಜನ ಅಧಿಕಾರಿಗಳ ಮೇಲ್ವಿಚಾರಣೆಯ ಪೆಟ್ಟಿಗೆಗಳಲ್ಲಿ. ಯಹೂದಿಗಳ ವ್ಯವಹಾರ ನೋಡಿಕೊಳ್ಳಲೆಂದೇ ಪ್ರತ್ಯೇಕ ಖಜಾನೆ ಇಲಾಖೆ. ದೊರೆಗೆ ಹಣ ಬೇಕಾದಾಗ ಯಹೂದಿಯ ಮೇಲೆ ತೆರಿಗೆ, ಯಹೂದಿ ಅದನ್ನು ಸಾಲಗಾರನಿಂದ ಎಳೆಯಬೇಕು. ಹಾಲು ಕರೆದುಕೊಂಡವನು ರಾಜ, ಒದೆ ಬಿದ್ದದ್ದು ಹಸುವಿಗೆ. ಹಸು ಬತ್ತಿಹೋದ ಮೇಲೆ ಅದನ್ನು ಊರಾಚೆ ಅಟ್ಟಿದ. ಅಟ್ಟಿದ್ದಕ್ಕೆ ಪ್ರತಿಯಾಗಿ ಪಾರ್ಲಿಮೆಂಟಿನಿಂದ ಭಾರಿ ತೆರಿಗೆಗೆ ಒಪ್ಪಿಗೆಯನ್ನೂ ಗಿಟ್ಟಿಸಿದ. ಅಷ್ಟರಲ್ಲಾಗಲೇ ಸಾಲ ಕೊಡಲು ಇಟಲಿಯ ಕ್ರೈಸ್ತ ಸಾಹುಕಾರರು ಬಂದು ಕೂತಿದ್ದರು. ಅವರನ್ನೂ ಜನ ಬೈದರು. ಆದರೆ ಅವರು ಮಕ್ಕಳ ರಕ್ತ ಕುಡಿಯುತ್ತಾರೆಂದು ಯಾರೂ ಹೇಳಲಿಲ್ಲ.

ನಮ್ಮ ನೆರೆಯದೇ ಒಂದು ಪ್ರಸಂಗ ಇದರ ಪಕ್ಕ ಇಟ್ಟು ನೋಡಬೇಕು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಎದ್ದು ಮಾರವಾಡಿ, ಗುಜರಾತಿ ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಗಲಭೆ ಅಹಮದ್‌ನಗರದ ಕಡೆಗೂ ಹಬ್ಬಿತು. ಅವರು ಹುಡುಕಿದ್ದು ಸಾಲಪತ್ರಗಳನ್ನು. ಪತ್ರ ಕೈಗೆ ಸಿಕ್ಕಿ ಬೂದಿಯಾದರೆ ಅಲ್ಲಿಗೆ ಕೋಪ ಇಳಿಯಿತು. ಜೀವಕ್ಕೆ ಕೈಹಾಕಿದ್ದು ಬಹಳ ಕಡಿಮೆ. ಬಡ್ಡಿಯಿಂದ ಬೆಂದವನ ಸಿಟ್ಟು ಹೀಗಿರುತ್ತದೆ. 1190ರ ಮಾರ್ಚಿನಲ್ಲಿ ಯಾರ್ಕ್ ನಗರದಲ್ಲೂ ಸಾಲಪತ್ರ ಸುಟ್ಟರು, ಅದೂ ದೊಡ್ಡ ಇಗರ್ಜಿಯ ನೆಲದ ಮೇಲೆ ರಾಶಿ ಹಾಕಿ. ಆದರೆ ಅದಕ್ಕೆ ಮೊದಲು ಕೋಟೆಯ ಗೋಪುರದಲ್ಲಿ ಅಡಗಿದ್ದ ಸುಮಾರು ನೂರೈವತ್ತು ಯಹೂದಿಗಳು, ಹೆಂಗಸರು ಮಕ್ಕಳ ಸಮೇತ, ಸತ್ತಿದ್ದರು. ಬಹುಪಾಲು ಜನ ಹೊರಗಿನ ಗುಂಪಿಗೆ ಸಿಕ್ಕಿಬೀಳುವ ಬದಲು ತಮ್ಮವರ ಕೈಯಲ್ಲೇ ಪ್ರಾಣ ಬಿಟ್ಟರು. ಶರಣಾಗಿ, ಮತಾಂತರಕ್ಕೆ ಒಪ್ಪಿ ಹೊರಬಂದವರನ್ನೂ ಗುಂಪು ಕೊಂದಿತು. ದೊಂಬಿಯ ಮುಂದಾಳುಗಳಲ್ಲಿ ಸಾಲದಲ್ಲಿ ಮುಳುಗಿದ್ದ ಜಹಗೀರುದಾರರಿದ್ದರು. ಸಾಲದ ಸಿಟ್ಟಿಗೆ ದೇವರ ಹೆಸರು ಯಾರು ಜೋಡಿಸಿದರು, ಯಾವಾಗ ಜೋಡಿಸಿದರು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ಅದಕ್ಕೂ ಉತ್ತರವಿದೆ. 1144ರಲ್ಲಿ ನಾರಿಚ್ ಊರಿನ ಕಾಡಿನಲ್ಲಿ ವಿಲಿಯಂ ಎಂಬ ಹುಡುಗನ ಹೆಣ ಸಿಕ್ಕಿತು. ಕೊಂದವರು ಯಾರೆಂದು ಇವತ್ತಿಗೂ ತಿಳಿಯದು. ಮನೆಯವರು ಯಹೂದಿಗಳತ್ತ ಬೆರಳು ತೋರಿದರೂ ಆಗ ಶೆರಿಫ್ ಯಹೂದಿಗಳನ್ನು ಕಾಪಾಡಿದ, ಮಾತು ತಣ್ಣಗಾಯಿತು. ಐದಾರು ವರ್ಷ ಕಳೆದ ಮೇಲೆ, ಸಾಲ ಕೊಟ್ಟ ಯಹೂದಿಯನ್ನು ಕೊಲ್ಲಿಸಿದ ಆರೋಪದಲ್ಲಿ ಸೈಮನ್ ಎಂಬ ನೈಟ್ ವಿಚಾರಣೆಗೆ ಬಂದ. ಅವನ ಪರ ನಿಂತವರು ಊರಿನ ಬಿಷಪ್. ಇವನ ಮೇಲಿನ ಆರೋಪ ಆಮೇಲೆ, ಮೊದಲು ಆ ಹುಡುಗನ ಕೊಲೆಗೆ ಯಹೂದಿಗಳು ಉತ್ತರ ಕೊಡಲಿ, ಎಂಬುದು ಅವರ ವಾದ. ಅಲ್ಲಿಗೆ ಥಾಮಸ್ ಎಂಬ ಸನ್ಯಾಸಿ ಬಂದು ಹುಡುಗನ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ. ಹುಡುಗ ಸಂತನಾದ, ಗೋರಿ ಯಾತ್ರಾಸ್ಥಳವಾಯಿತು, ಕಾಣಿಕೆ ಬಂತು. ಯಹೂದಿಗಳು ಕ್ರೈಸ್ತ ಮಕ್ಕಳನ್ನು ಬಲಿ ಕೊಡುತ್ತಾರೆಂಬ ಕಥೆ ಯುರೋಪಿನಲ್ಲಿ ಅಚ್ಚಾದದ್ದು ಹೀಗೆ. ಅಚ್ಚು ಒಮ್ಮೆ ಸಿದ್ಧವಾದರೆ ಎರಕ ಹೊಯ್ಯುವವರಿಗೆ ಬರವೇ?

ಆಗಿನವರಿಗೆ ನಿಜ ಗೊತ್ತಿರಲಿಲ್ಲ, ಅದು ಕತ್ತಲ ಕಾಲ ಎಂದು ತೇಲಿಸುವ ಹಾಗೂ ಇಲ್ಲ. ಗೊತ್ತಿತ್ತು. 1235ರಲ್ಲಿ ಜರ್ಮನಿಯ ಫುಲ್ಡಾದಲ್ಲಿ ಇದೇ ಆರೋಪ ಹೊರಿಸಿ 34 ಯಹೂದಿಗಳನ್ನು ಕೊಂದಾಗ ಎರಡನೇ ಫ್ರೆಡರಿಕ್ ಚಕ್ರವರ್ತಿ, ಯಹೂದಿ ಮತದಿಂದ ಕ್ರೈಸ್ತರಾದ ಪಂಡಿತರನ್ನು ಬೇರೆ ಬೇರೆ ರಾಜ್ಯಗಳಿಂದ ಕರೆಸಿ ವಿಚಾರಿಸಿದ. ಪ್ರಾಣಿಯ ರಕ್ತವನ್ನೂ ತಿನ್ನಬಾರದೆನ್ನುವ ಜನ ಮನುಷ್ಯ ರಕ್ತ ಮುಟ್ಟುವರೇ ಎಂದು ಮರುವರ್ಷ ಯಹೂದಿಗಳನ್ನು ದೋಷಮುಕ್ತರೆಂದು ಸಾರಿದ. ಅದೇ ಶಾಸನದಲ್ಲಿ ಅವರು ತನ್ನ ಖಜಾನೆಯ ಆಳುಗಳು ಎಂದೂ ಬರೆಸಿಕೊಂಡ. ಚಕ್ರವರ್ತಿಯ ಕರುಣೆಗೂ ಒಂದು ಲೆಕ್ಕದ ಪುಸ್ತಕ ಇರುತ್ತದೆ. 1247ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಈ ಆರೋಪವನ್ನು ಖಂಡಿಸಿದ. 1348ರ ಮಹಾಮಾರಿಯಲ್ಲಿ ಯಹೂದಿಗಳು ಬಾವಿಗೆ ವಿಷ ಹಾಕಿದ್ದಾರೆಂಬ ಗುಲ್ಲೆದ್ದಾಗ ಪೋಪ್ ಆರನೇ ಕ್ಲೆಮೆಂಟ್, ಆ ರೋಗಕ್ಕೆ ಯಹೂದಿಗಳೂ ಸಾಯುತ್ತಿದ್ದಾರೆ, ಯಹೂದಿಗಳೇ ಇಲ್ಲದ ಕಡೆಯಲ್ಲೂ ಜನ ಸಾಯುತ್ತಿದ್ದಾರೆ ಎಂದು ಸಾದಾ ತರ್ಕ ಹೇಳಿದ. ಕೇಳಿದವರು ಯಾರು? 1349ರ ಫೆಬ್ರುವರಿ 14ರಂದು ಸ್ಟ್ರಾಸ್‌ಬರ್ಗ್ ನಗರದವರು ತಮ್ಮ ಯಹೂದಿಗಳನ್ನು ಅವರದೇ ಸ್ಮಶಾನದಲ್ಲಿ ಸುಟ್ಟರು. ಆ ಹೊತ್ತಿಗೆ ರೋಗ ಆ ಊರಿಗೆ ಕಾಲಿಟ್ಟೇ ಇರಲಿಲ್ಲ. ಯಹೂದಿಗಳಿಗೆ ಕೊಡಬೇಕಾದ ಸಾಲವೆಲ್ಲ ರದ್ದಾಯಿತು, ಅಡವಿನ ವಸ್ತುಗಳು ವಾಪಸಾದವು, ಸಿಕ್ಕ ನಗದನ್ನು ಕಸುಬುದಾರರು ಹಂಚಿಕೊಂಡರು. ಯಹೂದಿಗಳನ್ನು ಕೊಂದ ವಿಷ ಅವರ ಹಣವೇ ಎಂದು ಬರೆದವನು ಆ ಊರಿನದೇ ಬಖೈರುಕಾರ.

ಇನ್ನು ಎರಡನೆಯ ವಾದ: "ಅವರು ಯಾರೊಂದಿಗೂ ಬೆರೆಯುವುದಿಲ್ಲ, ತಾವೇ ದೇವರು ಆರಿಸಿದ ಜನ ಅನ್ನುತ್ತಾರೆ, ಮತ್ತೆ ಯಾರು ಸಹಿಸುತ್ತಾರೆ?" ತಾನು ದೇವರಿಗೆ ಬೇಕಾದವನು ಎಂದುಕೊಳ್ಳದ ಕುಲ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ತೋರಿಸಿ. ಯಹೂದಿಗಳು ಆ ಆಯ್ಕೆಯ ಜತೆಗೆ 613 ಕಟ್ಟಳೆಗಳನ್ನೂ ಹೊತ್ತುಕೊಂಡಿದ್ದಾರೆ, ಅಷ್ಟೆ. ಬೆರೆಯದ ವಿಷಯ ಮಾತ್ರ ತಲೆಕೆಳಗಾಗಿದೆ. 386ರ ಸುಮಾರಿಗೆ ಅಂತಿಯೋಕ್ ನಗರದಲ್ಲಿ ಜಾನ್ ಕ್ರಿಸಾಸ್ಟಮ್ ಎಂಬ ಪಾದ್ರಿ ಯಹೂದಿಗಳ ವಿರುದ್ಧ ಬೆಂಕಿಯುಗುಳುವ ಪ್ರವಚನಗಳನ್ನು ಮಾಡಿದ. ಮುಂದಿನ ಸಾವಿರ ವರ್ಷದ ಬೈಗುಳಗಳಿಗೆ ಬೀಜ ಅಲ್ಲಿಂದಲೂ ಸಿಕ್ಕಿತು. ಅವನ ಸಿಟ್ಟಿಗೆ ಕಾರಣವೇನು? ಅವನ ಇಗರ್ಜಿಯ ಕ್ರೈಸ್ತರೇ ಹಬ್ಬದ ದಿನ ಯಹೂದಿಗಳ ಸಿನಗಾಗ್‌ಗೆ ಹೋಗುತ್ತಿದ್ದರು, ಅಲ್ಲಿ ಮಾಡಿದ ಆಣೆ ಹೆಚ್ಚು ಬಿಗಿ ಎಂದು ನಂಬುತ್ತಿದ್ದರು. ನೆರೆಹೊರೆಯವರು ಚೆನ್ನಾಗಿದ್ದರು, ಅದೇ ಪಾದ್ರಿಯ ಸಂಕಟ. 1215ರ ಲ್ಯಾಟರನ್ ಧರ್ಮಸಭೆ ಯಹೂದಿಗಳು ಬೇರೆ ಬಗೆಯ ಬಟ್ಟೆ ತೊಡಬೇಕೆಂದು ವಿಧಿಸಿದ್ದಕ್ಕೆ ಕೊಟ್ಟ ಕಾರಣವೂ ಇದೇ ಜಾತಿಯದು: ಗುರುತು ಸಿಗದೆ ಕ್ರೈಸ್ತರೂ ಯಹೂದಿಗಳೂ ಕೂಡಿಬಿಡುತ್ತಾರೆ. ನೋಡಿದರೆ ಗೊತ್ತಾಗದಷ್ಟು ಬೆರೆತಿದ್ದವರ ಎದೆಗೆ ಬಿಲ್ಲೆ ಹೊಲಿಸಿ, ನೀವು ಬೆರೆಯುವುದಿಲ್ಲ ಎಂದು ದೂರುವುದು!

ಪೂರ್ತಿ ಬೆರೆತರೆ? ಸ್ಪೇನಿನಲ್ಲಿ 1391ರ ದೊಂಬಿಗಳ ಹೆದರಿಕೆಗೆ ಸಾವಿರಾರು ಯಹೂದಿಗಳು ಕ್ರೈಸ್ತರಾದರು. ಅವರ ಮಕ್ಕಳು ಓದಿ ಹುದ್ದೆ ಹಿಡಿದರು. 1449ರಲ್ಲಿ ತೆರಿಗೆಯ ಜಗಳವೊಂದು ದಂಗೆಯಾಗಿ, ತೊಲೆದೊ ನಗರ ಒಂದು ಶಾಸನ ಹೊರಡಿಸಿತು: ಯಹೂದಿ ಮೂಲದವರು, ಜ್ಞಾನಸ್ನಾನವಾಗಿದ್ದರೂ ಸರಿ, ನಗರದ ಅಧಿಕಾರದಲ್ಲಿ ಇರಕೂಡದು. ಪೋಪ್ ಅದನ್ನು ಖಂಡಿಸಿದರೂ "ಶುದ್ಧ ರಕ್ತ"ದ ಕಾಯಿದೆಗಳು ಒಂದಾದ ಮೇಲೊಂದು ಬಂದವು. ಬೇರೆ ಉಳಿದರೆ ಬೇರೆ ಎಂಬ ತಪ್ಪು, ಬೆರೆತರೆ ನುಸುಳಿದ ತಪ್ಪು. ಇಪ್ಪತ್ತನೇ ಶತಮಾನದ ಜರ್ಮನಿಯಲ್ಲೂ ಇದೇ ಆಟ. ಮೊದಲ ಮಹಾಯುದ್ಧದಲ್ಲಿ ಸುಮಾರು ಒಂದು ಲಕ್ಷ ಯಹೂದಿಗಳು ಕೈಸರನ ಸೈನ್ಯದಲ್ಲಿದ್ದರು, 12,000 ಮಂದಿ ಸತ್ತರು. ಯಹೂದಿಗಳು ರಣರಂಗ ತಪ್ಪಿಸಿಕೊಳ್ಳುತ್ತಾರೆಂಬ ಪುಕಾರಿಗೆ 1916ರಲ್ಲಿ ಸೈನ್ಯ ತಲೆ ಎಣಿಸಿತು. ಎಣಿಸಿ, ಫಲಿತಾಂಶವನ್ನು ಪ್ರಕಟಿಸದೆ ಇಟ್ಟುಕೊಂಡಿತು. ಪುಕಾರು ಮಾತ್ರ ಉಳಿಯಿತು. ಹಿಟ್ಲರ್ ಅಧಿಕಾರಕ್ಕೆ ಬಂದಾಗ ಇಡೀ ಜರ್ಮನಿಯಲ್ಲಿ ಯಹೂದಿಗಳು ನೂರಕ್ಕೆ ಒಬ್ಬರೂ ಇರಲಿಲ್ಲ.

ಬೇರೆಯಾಗಿರುವುದೇ ದ್ವೇಷಕ್ಕೆ ಬೀಜವಾಗಿದ್ದರೆ ಅದು ಮೊದಲು ಮೊಳೆಯಬೇಕಾದದ್ದು ನಮ್ಮ ಕರಾವಳಿಯಲ್ಲಿ. ಕೊಂಕಣದ ಬೆನೆ ಇಸ್ರೇಲಿಗಳು ಶನಿವಾರ ಗಾಣ ಕಟ್ಟುವುದಿಲ್ಲ ಎಂಬ ಕಾರಣಕ್ಕೆ ನೆರೆಯವರು ಅವರನ್ನು ಕರೆದದ್ದು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಎಂದು. ಅಷ್ಟೇ. ಮಂಗಳೂರಿಗೆ 1132ರ ಸುಮಾರಿಗೆ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಶಿಯದ ಯಹೂದಿ ವರ್ತಕ ಬಂದ. ಹದಿನೇಳು ವರ್ಷದ ಹತ್ತಿರ ಈ ಕಡೆ ಇದ್ದು ಕಂಚು ಹಿತ್ತಾಳೆಯ ಕಾರ್ಖಾನೆ ನಡೆಸಿದ, ಮೆಣಸು ಅಡಕೆ ಏಲಕ್ಕಿಯನ್ನು ಏಡನ್‌ಗೆ ಹೇರಿದ. ಆಶು ಎಂಬ ಇಲ್ಲಿನ ದಾಸಿಗೆ 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲೇ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವನ ಮಕ್ಕಳ ತಾಯಿ ಅವಳೇ ಎನ್ನುತ್ತಾರೆ ವಿದ್ವಾಂಸರು. ಅವನ ಕಾಗದಗಳು ಕೈರೋದ ಹಳೆಯ ಸಿನಗಾಗ್ ಒಂದರ ಕಾಗದದ ಕೋಣೆಯಲ್ಲಿ ಏಳುನೂರಕ್ಕೂ ಹೆಚ್ಚು ವರ್ಷ ಉಳಿದು ಈಗ ಪಂಡಿತರ ಕೈಯಲ್ಲಿವೆ. ಅಮಿತಾವ್ ಘೋಷ್ ಅವನ ಆಳಿನ ಬೆನ್ನು ಹಿಡಿದು ಒಂದು ಪುಸ್ತಕವನ್ನೇ ಬರೆದಿದ್ದಾರೆ. ಏಡನ್‌ನಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸಿಕೊಂಡ, ಲೆಕ್ಕದಲ್ಲಿ ಜಗಳವಾಡಿದ, ಮುಂಗಡ ಕೊಟ್ಟು ಮೋಸಹೋದ. ಅನ್ಯದೇಶದ, ಅನ್ಯಮತದ ಶ್ರೀಮಂತ ವ್ಯಾಪಾರಿ. ಯುರೋಪಿನವರು ಹೇಳುವ ಲಕ್ಷಣವೆಲ್ಲ ಅವನಲ್ಲಿತ್ತು. ಇದೇ ದಶಕಗಳಲ್ಲಿ ಅತ್ತ ನಾರಿಚ್‌ನಲ್ಲಿ ಆ ಹುಡುಗನ ಕಥೆ ಹುಟ್ಟುತ್ತಿತ್ತು.

ಇದನ್ನು ಓದಿ ನಮ್ಮವರು ಎದೆಯುಬ್ಬಿಸಿಕೊಳ್ಳುವ ಮೊದಲು ಒಂದು ಮಾತು. ನಾವು ಅವರನ್ನು ಸುಡಲಿಲ್ಲ, ನಿಜ. ನಮ್ಮ ರೋಗವನ್ನು ಅಂಟಿಸಿದೆವು. ಕೊಚ್ಚಿಯಲ್ಲಿ ಬಿಳಿ ಯಹೂದಿ, ಕರಿ ಯಹೂದಿ ಎಂಬ ಪಂಕ್ತಿಭೇದ ಎಷ್ಟು ಗಟ್ಟಿಯಾಯಿತೆಂದರೆ, 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್‌ನಲ್ಲಿ ಸಮಾನವಾಗಿ ಕೂರುವ ಹಕ್ಕಿಗೆ ಎ. ಬಿ. ಸೇಲಂ ಎಂಬ ವಕೀಲರು ಇಪ್ಪತ್ತನೇ ಶತಮಾನದಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಇನ್ನು ಯಹೂದಿಯನ್ನು ಯಹೂದಿ ಎಂದೇ ಸುಡುವ ವಿದ್ಯೆ ಈ ತೀರಕ್ಕೆ ಬಂದದ್ದು ಹಡಗಿನಲ್ಲಿ. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಾಲಯ ಶುರುವಾಯಿತು. ನಮ್ಮ ಗಿಡಮೂಲಿಕೆಗಳ ಬಗ್ಗೆ 1563ರಲ್ಲಿ ಗೋವಾದಲ್ಲೇ ಅಮೂಲ್ಯ ಗ್ರಂಥ ಅಚ್ಚುಹಾಕಿಸಿದ ವೈದ್ಯ ಗಾರ್ಸಿಯಾ ದ ಓರ್ತಾ, ಮತಾಂತರಗೊಂಡ ಯಹೂದಿ ಮನೆತನದವನು. ಅವನು 1568ರಲ್ಲಿ ತೀರಿಕೊಂಡ. ಮರುವರ್ಷ ಅವನ ತಂಗಿ ಕತರೀನಾಳನ್ನು ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನೂ ಅಗೆದು ತೆಗೆದು ಸುಟ್ಟರು. ಅದೇ ಮಣ್ಣು, ಅದೇ ಮಳೆ, ಅದೇ ಯಹೂದಿ. ಬದಲಾದದ್ದು ಆಳುವವರು ಮಾತ್ರ.

"ಎರಡು ಸಾವಿರ ವರ್ಷದ ಸನಾತನ ದ್ವೇಷ" ಎಂದು ಯಹೂದಿಗಳ ಪರವಾಗಿ ಕಣ್ಣೀರು ಹಾಕುವವರೂ ಇದ್ದಾರೆ. ಅವರ ಕರುಣೆ ನನಗೆ ರುಚಿಸುವುದಿಲ್ಲ. ದ್ವೇಷ ಸನಾತನವಾದರೆ ಅದು ಹವಾಮಾನದ ಹಾಗೆ, ಯಾರೂ ಹೊಣೆಯಲ್ಲ. 1264ರಲ್ಲಿ ಪೋಲೆಂಡಿನ ಕಾಲಿಶ್‌ನಲ್ಲಿ ಒಬ್ಬ ಸಾಮಂತ ಯಹೂದಿಗಳಿಗೆ ರಕ್ಷಣೆಯ ಸನದು ಕೊಟ್ಟ. ರಕ್ತದ ಸುಳ್ಳು ಆರೋಪ ಹೊರಿಸಕೂಡದೆಂದೂ ಅದರಲ್ಲಿತ್ತು. ಮುಂದೆ ಶತಮಾನಗಳ ಕಾಲ ಜಗತ್ತಿನ ಅತಿ ದೊಡ್ಡ ಯಹೂದಿ ಸಮಾಜ ಬೆಳೆದದ್ದು ಆ ನಾಡಿನಲ್ಲೇ. ಅಂದಮೇಲೆ ಬೇರೆ ಆಯ್ಕೆ ಇತ್ತು. ಮಾಡದವರು ಬೇಕೆಂದೇ ಮಾಡಲಿಲ್ಲ.

ದ್ವೇಷಕ್ಕೆ ಆಧುನಿಕ ಕೋಟು ತೊಡಿಸಿದವರ ಹೆಸರು ವಿಳಾಸವೂ ಸಿಗುತ್ತದೆ. "ಸೆಮಿಟಿಕ್" ಎಂಬುದು ಭಾಷಾಶಾಸ್ತ್ರದ ಪದ, ಹೀಬ್ರೂ ಅರಬ್ಬಿ ಮೊದಲಾದ ನುಡಿಗಳ ಕುಟುಂಬಕ್ಕಿಟ್ಟ ಹೆಸರು. 1879ರಲ್ಲಿ ವಿಲ್‌ಹೆಲ್ಮ್ ಮಾರ್ ಎಂಬ ಜರ್ಮನ್ ಪತ್ರಕರ್ತ "ಆಂಟಿಸೆಮಿಟ್" ಎಂಬ ಪದ ಹೊತ್ತ ಸಂಘ ಕಟ್ಟಿದ. ಮತದ್ವೇಷ ಎಂದರೆ ಹಳೆಯ ಕಾಲದವನಂತೆ ಕಾಣಬೇಕಾದೀತು, ಜನಾಂಗಶಾಸ್ತ್ರ ಎಂದರೆ ವಿದ್ಯಾವಂತನ ಠೀವಿ. 1903ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಒಂದು ಪತ್ರಿಕೆಯಲ್ಲಿ, ಜಗತ್ತನ್ನು ವಶಮಾಡಿಕೊಳ್ಳಲು ಯಹೂದಿ ಹಿರಿಯರು ಹೂಡಿದ ಸಂಚು ಎಂಬ "ಪ್ರೋಟೊಕಾಲ್ಸ್" ಧಾರಾವಾಹಿಯಾಗಿ ಬಂತು. 1921ರಲ್ಲಿ ಲಂಡನ್ನಿನ 'ಟೈಮ್ಸ್' ವರದಿಗಾರ ಫಿಲಿಪ್ ಗ್ರೇವ್ಸ್ ಅದರ ಬಣ್ಣ ಬಯಲು ಮಾಡಿದ. ಮೊರೀಸ್ ಜೋಲಿ ಎಂಬ ಫ್ರೆಂಚ್ ವಕೀಲ 1864ರಲ್ಲಿ ಮೂರನೇ ನೆಪೋಲಿಯನ್ನನನ್ನು ಗೇಲಿಮಾಡಿ ಬರೆದಿದ್ದ ಪುಸ್ತಕದ ಪುಟಗಳನ್ನೇ ಕದ್ದು ಹೆಣೆದ ಕೃತಿ ಅದು. ಮೂಲದಲ್ಲಿ ಯಹೂದಿ ಸಂಚಿನ ಸುದ್ದಿಯೇ ಇಲ್ಲ. ಕಳ್ಳಮಾಲು ಎಂದು ಸಾಬೀತಾಗಿ ನೂರು ವರ್ಷ ದಾಟಿದೆ. ಊಟದ ಪಂಕ್ತಿಯ ಆ ಹುಡುಗ "ಇಡೀ ಜಗತ್ತಿನ ದುಡ್ಡು ಅವರ ಕೈಲಿದೆ" ಎಂದು ಮೆಚ್ಚಿಕೊಂಡನಲ್ಲ, ಅವನು ಮೆಚ್ಚಿಕೊಂಡದ್ದು ಆ ಕಳ್ಳಮಾಲನ್ನೇ. ಹಿಟ್ಲರನ ಆತ್ಮಕಥೆಯನ್ನು ಮ್ಯಾನೇಜ್‌ಮೆಂಟ್ ಪುಸ್ತಕಗಳ ಸಾಲಿನಲ್ಲಿಟ್ಟು ಮಾರುವ ನಮ್ಮ ಪುಸ್ತಕದಂಗಡಿಗಳಿಗೂ ಇದು ಹೊಸ ವಿಷಯವಾಗಬಹುದು.

ಇಸ್ರೇಲ್ ಸರ್ಕಾರ ಮಾಡುವುದನ್ನು ಟೀಕಿಸಬಾರದೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಟೀಕಿಸಿ, ಗಾಜಾದಲ್ಲಿ ಸತ್ತ ಮಕ್ಕಳ ಲೆಕ್ಕ ಕೇಳಿ. ಅಲ್ಲಿನ ಯಹೂದಿಗಳೇ ಬೀದಿಗಿಳಿದು ಕೇಳುತ್ತಾರೆ. ಸರ್ಕಾರದ ಲೆಕ್ಕವನ್ನು ಸಾವಿರಾರು ಮೈಲಿ ಆಚೆಯ ಸಿನಗಾಗ್‌ನಲ್ಲಿ ಪ್ರಾರ್ಥನೆಗೆ ಕೂತ ಮುದುಕನ ಬಳಿ ಕೇಳಿದರೆ ಮಾತ್ರ ಅದು ಟೀಕೆಯಲ್ಲ, ಹಳೆಯ ಕಸುಬು. ಆ ಸರ್ಕಾರದ ಮೇಲಿನ ಟೀಕೆಯೆಲ್ಲ ಯಹೂದಿ ದ್ವೇಷವೇ ಎಂದು ಬಾಯಿ ಮುಚ್ಚಿಸುವವರೂ ಮಾಡುವುದು ಅದೇ ಕೂಡುಲೆಕ್ಕ.

ಮತ್ತೆ ಆ ಗಾದೆಗೆ ಬರುತ್ತೇನೆ. ಪೋಲೆಂಡಿನ ಕೀಲ್ಟ್ಸೆ ಊರಿನಲ್ಲಿ ಯುದ್ಧಕ್ಕೆ ಮುಂಚೆ ಮೂವರಲ್ಲಿ ಒಬ್ಬರು ಯಹೂದಿ. 1942ರ ಆಗಸ್ಟಿನಲ್ಲಿ ಅವರಲ್ಲಿ ಹೆಚ್ಚಿನವರನ್ನು ಟ್ರೆಬ್ಲಿಂಕಾದ ಕೊಲೆಶಿಬಿರಕ್ಕೆ ರೈಲು ಹತ್ತಿಸಿದರು. ಯುದ್ಧ ಮುಗಿದ ಮೇಲೆ ಅಲ್ಲಿ ಇಲ್ಲಿ ಬದುಕುಳಿದ ಇನ್ನೂರರಷ್ಟು ಮಂದಿ ಊರಿಗೆ ಮರಳಿದರು. ಅವರಲ್ಲಿ ಬಹಳ ಜನ ಪ್ಲಾಂಟಿ ಬೀದಿಯ 7ನೇ ನಂಬರಿನ ಕಟ್ಟಡದಲ್ಲಿ ಒಟ್ಟಾಗಿ ಇದ್ದರು. 1946ರ ಜುಲೈ ಮೊದಲ ವಾರ ಎಂಟೊಂಬತ್ತು ವರ್ಷದ ಒಬ್ಬ ಹುಡುಗ ಮನೆಯಲ್ಲಿ ಹೇಳದೆ, ಹಿಂದೆ ತಾವಿದ್ದ ಹಳ್ಳಿಗೆ ಹೋಗಿ ಚೆರ್ರಿ ಹಣ್ಣು ತಿಂದುಕೊಂಡು ಎರಡು ದಿನ ಬಿಟ್ಟು ಬಂದ. ಎಲ್ಲಿ ಹೋಗಿದ್ದೆ ಎಂದು ಕೇಳಿದಾಗ, ಯಹೂದಿಗಳು ನನ್ನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದರು ಎಂಬ ಮಾತು ಹೊರಟಿತು. ಜುಲೈ 4ರ ಬೆಳಿಗ್ಗೆ ಪೊಲೀಸರು, ಸೈನಿಕರು, ಅವರ ಹಿಂದೆ ಊರಿನ ಜನ ಆ ಕಟ್ಟಡವನ್ನು ಮುತ್ತಿದರು. ಸಂಜೆಯೊಳಗೆ 40ಕ್ಕೂ ಹೆಚ್ಚು ಯಹೂದಿಗಳನ್ನು ಕೊಂದಿದ್ದರು. ಕೊಲ್ಲುವುದಕ್ಕೆ ಮೊದಲು, ಮಕ್ಕಳನ್ನು ಅಡಗಿಸಿಟ್ಟಿದ್ದಾರೆಂಬ ನೆಲಮಾಳಿಗೆಯನ್ನು ಪೊಲೀಸರು ಹುಡುಕಿದ್ದರು. ಪಕ್ಕದಲ್ಲೇ ಹೊಳೆ ಹರಿಯುವ ಆ ಕಟ್ಟಡಕ್ಕೆ ನೆಲಮಾಳಿಗೆಯೇ ಇರಲಿಲ್ಲ.